ಸುಣ್ಣಕಲ್ಲಿನ ಸೀಮೆ, ತಾಂಡಾಗಳ ಹಕ್ಕು: ಜಿನೀವಾದ ಮಾತು ಸೇಡಂನ ಬಾಗಿಲಿಗೆ

ಉಪ್ಪು ಮತ್ತು ದವಸಧಾನ್ಯಗಳನ್ನು ಎತ್ತುಗಳ ಬೆನ್ನ ಮೇಲೆ ಹೇರಿಕೊಂಡು ದಖ್ಖನ್ ಪ್ರಸ್ಥಭೂಮಿಯ ಉದ್ದಗಲಕ್ಕೂ ಸಂಚರಿಸುತ್ತಿದ್ದ ಬಂಜಾರರು ಒಂದು ಕಾಲಕ್ಕೆ ಈ ನಾಡಿನ ಸರಕು ಸಾಗಣೆಯ ಬೆನ್ನೆಲುಬಾಗಿದ್ದರು. ಮೊಗಲರ ಸೈನ್ಯಗಳಿಗೆ ಧಾನ್ಯ ಒದಗಿಸುತ್ತಿದ್ದವರೂ ಇವರೇ. ಲಂಬಾಣಿ ಎಂಬ ಹೆಸರು 'ಲವಣ' ಎಂಬ ಪದದಿಂದಲೇ ಬಂದಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಆ ವ್ಯಾಪಾರಕ್ಕೆ ಕೊನೆ ಬಂದದ್ದು ರೈಲಿನಿಂದ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ವಾರಗಟ್ಟಲೆ ಎತ್ತುಗಳ ಹಿಂಡು ನಡೆದು ಮುಟ್ಟಿಸುತ್ತಿದ್ದ ಸರಕನ್ನು ಉಗಿಬಂಡಿ ಒಂದೆರಡು ದಿನಗಳಲ್ಲಿ ಮುಟ್ಟಿಸತೊಡಗಿತು. ಅದಕ್ಕೆ ಮೂರು ವರ್ಷ ಮೊದಲು, 1871ರಲ್ಲಿ, ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಜಾರಿಗೊಳಿಸಿತ್ತು. ಕಾಲಕ್ರಮದಲ್ಲಿ ಬಂಜಾರರ ಹಲವು ಪಂಗಡಗಳೂ ಆ ಪಟ್ಟಿಗೆ ಸೇರಿದವು. ಹೀಗೆ ವರ್ತಕ ಸಮುದಾಯವೊಂದು ಒಂದೇ ತಲೆಮಾರಿನಲ್ಲಿ ಕಸುಬನ್ನೂ ಕಳೆದುಕೊಂಡಿತು, ಮರ್ಯಾದೆಯನ್ನೂ ಕಳೆದುಕೊಂಡಿತು.

ಆ ಸಮುದಾಯದ ಮೊಮ್ಮಕ್ಕಳು ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯ ಆಸುಪಾಸಿನ ತಾಂಡಾಗಳಲ್ಲಿ ನೆಲೆಸಿದ್ದಾರೆ. ಅವರ ನೆರೆಯಲ್ಲಿಯೇ ಸಿಮೆಂಟ್ ಕಾರ್ಖಾನೆಗಳು, ಶಹಾಬಾದ್ ಫರಸಿಕಲ್ಲಿನ ಗಣಿಗಳು, ಪಾಲಿಶ್ ಘಟಕಗಳು ಮತ್ತು ತೊಗರಿಬೇಳೆ ಮಿಲ್ಲುಗಳು ಇವೆ. ನೆಲದಡಿ ಇರುವ ಭೀಮಾ ಕಣಿವೆಯ ಸುಣ್ಣಕಲ್ಲು ಉದ್ದಿಮೆಯನ್ನು ಇಲ್ಲಿಗೆ ಕರೆತಂದಿತು. ಆ ನೆಲದ ಮೇಲೆ ಬದುಕುತ್ತಿರುವವರ ಹಕ್ಕು ಏನು, ಅವರ ಮಾತಿಗೆ ಬೆಲೆ ಎಷ್ಟು ಎಂಬ ಪ್ರಶ್ನೆ ಹಿಂದೆ ಕಚೇರಿ ಕಡತಗಳಿಗೆ ಸೀಮಿತವಾಗಿತ್ತು. ಈಗ ಅದು ಜಿನೀವಾ ಮತ್ತು ನ್ಯೂಯಾರ್ಕುಗಳ ಸಭಾಂಗಣಗಳಲ್ಲಿ ಚರ್ಚೆಯಾಗಿ, ಬ್ಯಾಂಕು, ಖರೀದಿದಾರ ಮತ್ತು ಷೇರು ಮಾರುಕಟ್ಟೆಗಳ ಮೂಲಕ ಸಣ್ಣ ಉದ್ದಿಮೆದಾರನ ಮೇಜಿಗೂ ಬರುತ್ತಿದೆ. ಆದುದರಿಂದ ವರ್ತಕರು ಮತ್ತು ಉದ್ದಿಮೆದಾರರು ಈ ವಿಷಯವನ್ನು ಅರಿತಿರುವುದು ಅವಶ್ಯಕ.

ಒಂದು ಗಡಿ, ಎರಡು ಪಟ್ಟಿ

ಈ ಭಾಗದಲ್ಲಿ ಹಕ್ಕಿನ ಪ್ರಶ್ನೆ ಎಷ್ಟು ಜಟಿಲವೆಂಬುದಕ್ಕೆ ಚಿಂಚೋಳಿಯ ಗಡಿಯೇ ಸಾಕ್ಷಿ. 1956ಕ್ಕೆ ಮೊದಲು ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿಯೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆ ಎರಡು ತಾಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದು, 2014ರಿಂದ ತೆಲಂಗಾಣದಲ್ಲಿವೆ. ಗಡಿಯ ಎರಡೂ ಬದಿಗಳಲ್ಲಿ ಒಂದೇ ಗೋರ್ ಬೋಲಿಯನ್ನಾಡುವ, ಸೇವಾಲಾಲ್ ಮಹಾರಾಜರನ್ನು ಆರಾಧಿಸುವ, ಪರಸ್ಪರ ನೆಂಟಸ್ತಿಕೆಯುಳ್ಳ ತಾಂಡಾಗಳಿವೆ.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆದೇಶಗಳ 1976ರ ತಿದ್ದುಪಡಿ ಕಾಯ್ದೆಯು ರಾಜ್ಯದೊಳಗಿನ ಪ್ರದೇಶ ನಿರ್ಬಂಧಗಳನ್ನು ತೆಗೆದುಹಾಕಿತು. ಪರಿಣಾಮವಾಗಿ ತೆಲಂಗಾಣ ಭಾಗದ ಲಂಬಾಡರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ಕಾಯ್ದೆಯಿಂದ ಗುಲಬರ್ಗಾ ಭಾಗದ ಲಂಬಾಣಿಗರು ಪರಿಶಿಷ್ಟ ಜಾತಿಗೆ ಸೇರಿದರು. ಮಹಾರಾಷ್ಟ್ರದಲ್ಲಾದರೋ ಇದೇ ಸಮುದಾಯ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದೆ. ಅಣ್ಣನ ಮನೆ ತಾಂಡೂರಿನಲ್ಲಿ, ತಮ್ಮನ ಮನೆ ಚಿಂಚೋಳಿಯಲ್ಲಿ ಇದ್ದರೆ ಕಾನೂನಿನ ಕಣ್ಣಿಗೆ ಒಬ್ಬನು ಬುಡಕಟ್ಟಿನವನು, ಇನ್ನೊಬ್ಬನು ಅಲ್ಲ.

ಇದು ಬರಿಯ ಪಟ್ಟಿಯ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದ ಕುಟುಂಬವು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ನೆಲೆಸಿ ಅದನ್ನು ಅವಲಂಬಿಸಿತ್ತೆಂದು ತೋರಿಸಿದರೆ ಸಾಕು. ಪರಿಶಿಷ್ಟ ಪಂಗಡಕ್ಕೆ ಸೇರದವರು 'ಇತರ ಪಾರಂಪರಿಕ ಅರಣ್ಯವಾಸಿ'ಗಳೆನಿಸಿ, ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕು. ಅಲೆಮಾರಿ ಹಿನ್ನೆಲೆಯ, ಅಕ್ಷರ ಕಾಣದ ಹಿರಿಯರಿದ್ದ ತಾಂಡಾಕ್ಕೆ ಅಂತಹ ದಾಖಲೆ ಎಲ್ಲಿಂದ ಬರಬೇಕು? ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿತವಾದ ಮೇಲೆ ಈ ಪ್ರಶ್ನೆ ಇನ್ನಷ್ಟು ಹರಿತವಾಗಿದೆ.

ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವೇ ಇಲ್ಲ. ಆದುದರಿಂದ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗಳಿಗೆ ವಿಶೇಷ ಅಧಿಕಾರ ನೀಡಿದ 1996ರ ಪೆಸಾ ಕಾಯ್ದೆಯೂ ಇಲ್ಲಿ ಅನ್ವಯಿಸದು. ಹೀಗಿರುವಾಗ ಸಾಮಾನ್ಯ ಗ್ರಾಮಸಭೆ, ಪರಿಸರ ಸಾರ್ವಜನಿಕ ಅಹವಾಲು ಸಭೆ ಮತ್ತು ನ್ಯಾಯಾಲಯ ಇವಷ್ಟೇ ತಾಂಡಾದ ಜನರಿಗೆ ಉಳಿದಿರುವ ವೇದಿಕೆಗಳು.

ವಿಶ್ವಸಂಸ್ಥೆಯ ಬಾಗಿಲು ತೆರೆದ ಬಗೆ

ಮೂಲನಿವಾಸಿಗಳ ಕುರಿತ ಮೊದಲ ಅಂತರರಾಷ್ಟ್ರೀಯ ಒಡಂಬಡಿಕೆ ರೂಪುಗೊಂಡದ್ದು ಕಾರ್ಮಿಕರು ಮತ್ತು ಮಾಲೀಕರು ಕೂಡಿ ಕುಳಿತ ವೇದಿಕೆಯಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1957ರ 107ನೆಯ ಒಡಂಬಡಿಕೆಯನ್ನು ಭಾರತವು 1958ರಲ್ಲಿ ಸ್ಥಿರೀಕರಿಸಿತು. ಬುಡಕಟ್ಟು ಜನರು ಪರಂಪರೆಯಿಂದ ಅನುಭವಿಸುತ್ತ ಬಂದ ಭೂಮಿಯ ಮೇಲೆ ಅವರಿಗೆ ವೈಯಕ್ತಿಕ ಅಥವಾ ಸಾಮೂಹಿಕ ಒಡೆತನವಿದೆಯೆಂದು ಅದು ಒಪ್ಪುತ್ತದೆ. ಅಭಿವೃದ್ಧಿಯಂತಹ ಕಾರಣಕ್ಕಾಗಿ ಅವರನ್ನು ಸ್ಥಳಾಂತರಿಸುವುದು ಅನಿವಾರ್ಯವಾದರೆ ಅಷ್ಟೇ ಗುಣಮಟ್ಟದ ಭೂಮಿ ಒದಗಿಸಬೇಕೆಂದೂ ಹೇಳುತ್ತದೆ. ಇದರ ಬದಲಿಗೆ 1989ರಲ್ಲಿ ಬಂದ, ಹೆಚ್ಚು ಬಿಗಿಯಾದ 169ನೆಯ ಒಡಂಬಡಿಕೆಯನ್ನು ಭಾರತ ಸ್ಥಿರೀಕರಿಸಿಲ್ಲ. ಆದರೆ ಹಳೆಯ ಒಡಂಬಡಿಕೆಯ ಹೊಣೆ ಇನ್ನೂ ಅದರ ಮೇಲಿದೆ.

ಈ ಸಂಘಟನೆಯ ರಚನೆಯಲ್ಲಿ ವಾಣಿಜ್ಯ ವಲಯವು ಗಮನಿಸಬೇಕಾದ ಅಂಶವೊಂದಿದೆ. ಒಡಂಬಡಿಕೆಯ ಉಲ್ಲಂಘನೆಯ ಬಗ್ಗೆ ಅದರ ಸಂವಿಧಾನದ 24ನೆಯ ವಿಧಿಯಡಿ ಅಹವಾಲು ಸಲ್ಲಿಸುವ ಹಕ್ಕಿರುವುದು ಕಾರ್ಮಿಕ ಸಂಘಗಳಿಗೆ ಮತ್ತು ಮಾಲೀಕರ ಸಂಘಗಳಿಗೆ ಮಾತ್ರ. ಬುಡಕಟ್ಟು ಸಮುದಾಯವೊಂದು ನೇರವಾಗಿ ಅಲ್ಲಿಗೆ ಹೋಗಲಾರದು. ಅದರ ಪರವಾಗಿ ಒಂದು ಸಂಘ ಮಾತನಾಡಬೇಕು. ಉದ್ದಿಮೆದಾರರ ಪ್ರತಿನಿಧಿಗಳಿಗೆ ಕುರ್ಚಿ ಇರುವ ಸಭೆಯಲ್ಲಿ ತಾಂಡಾದವರಿಗೆ ಕುರ್ಚಿ ಇಲ್ಲ.

ಈ ಕೊರತೆಯನ್ನು ವಿಶ್ವಸಂಸ್ಥೆಯು ಬೇರೆ ದಾರಿಯಲ್ಲಿ ತುಂಬಲೆತ್ನಿಸಿತು. 1982ರ ಆಗಸ್ಟ್ 9ರಂದು ಜಿನೀವಾದಲ್ಲಿ ಮೂಲನಿವಾಸಿ ಜನಸಮುದಾಯಗಳ ಕಾರ್ಯತಂಡದ ಮೊದಲ ಸಭೆ ನಡೆಯಿತು. ಆ ದಿನವನ್ನೇ 1994ರಲ್ಲಿ ವಿಶ್ವ ಮೂಲನಿವಾಸಿಗಳ ದಿನವೆಂದು ಘೋಷಿಸಲಾಯಿತು. ನೋಂದಾಯಿತ ಸಂಸ್ಥೆಯ ಮಾನ್ಯತೆ ಇಲ್ಲದವರಿಗೂ ಮಾತನಾಡಲು ಅವಕಾಶ ಕೊಟ್ಟದ್ದು ಆ ಕಾರ್ಯತಂಡದ ವಿಶೇಷ. ರಾಂಚಿಯ ವಿದ್ವಾಂಸ ರಾಮದಯಾಲ ಮುಂಡಾ ಅವರು ಭಾರತದ ಆದಿವಾಸಿಗಳ ಪರವಾಗಿ ಅಲ್ಲಿ ದನಿಗೂಡಿಸಿದವರಲ್ಲಿ ಪ್ರಮುಖರು. ದೂರದ ಹಳ್ಳಿಗಳಿಂದ ಬರುವವರ ಪ್ರಯಾಣ ವೆಚ್ಚಕ್ಕೆಂದು 1985ರಲ್ಲಿ ಸ್ವಯಂಪ್ರೇರಿತ ನಿಧಿಯೊಂದು ಸ್ಥಾಪನೆಯಾಯಿತು.

2000ರಲ್ಲಿ ನ್ಯೂಯಾರ್ಕಿನ ಶಾಶ್ವತ ವೇದಿಕೆ ರಚನೆಯಾಗಿ, 2002ರಲ್ಲಿ ಅದರ ಮೊದಲ ಅಧಿವೇಶನ ಸೇರಿತು. ಅದರ 16 ಸದಸ್ಯರಲ್ಲಿ 8 ಜನರು ಸರಕಾರಗಳ ಸೂಚನೆಯಿಂದ, ಉಳಿದ 8 ಜನರು ಮೂಲನಿವಾಸಿ ಸಂಘಟನೆಗಳ ಸೂಚನೆಯಿಂದ ಬರುತ್ತಾರೆ. 2001ರಲ್ಲಿ ವಿಶೇಷ ವರದಿಗಾರರ ಹುದ್ದೆ, 2007ರಲ್ಲಿ ಮಾನವ ಹಕ್ಕುಗಳ ಮಂಡಳಿಯಡಿ ತಜ್ಞರ ವ್ಯವಸ್ಥೆ ಏರ್ಪಟ್ಟವು. 2007ರ ಸೆಪ್ಟೆಂಬರ್ 13ರಂದು ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯನ್ನು ಮಹಾಸಭೆಯು 144 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಬಿದ್ದ ಮತಗಳು 4, ತಟಸ್ಥರು 11. ಭಾರತವು ಪರವಾಗಿ ಮತ ನೀಡಿತು. ಆದರೆ ಸ್ವಾತಂತ್ರ್ಯದ ವೇಳೆಗೆ ದೇಶದಲ್ಲಿದ್ದ ಸಮಸ್ತ ಜನರೂ ಅವರ ಸಂತತಿಯವರೂ ಮೂಲನಿವಾಸಿಗಳೇ ಎಂಬುದು ಸರಕಾರದ ನಿಲುವು.

ಘೋಷಣೆಯಲ್ಲಿ 46 ವಿಧಿಗಳಿವೆ. ಬಲವಂತದ ಒಕ್ಕಲೆಬ್ಬಿಸುವಿಕೆಯನ್ನು 10ನೆಯ ವಿಧಿ ನಿಷೇಧಿಸುತ್ತದೆ. ತಮ್ಮನ್ನು ಬಾಧಿಸುವ ತೀರ್ಮಾನಗಳಲ್ಲಿ ತಾವೇ ಆರಿಸಿದ ಪ್ರತಿನಿಧಿಗಳ ಮೂಲಕ ಭಾಗವಹಿಸುವ ಹಕ್ಕನ್ನು 18ನೆಯ ವಿಧಿ ನೀಡುತ್ತದೆ. ಗಣಿಗಾರಿಕೆಯಂತಹ ಯೋಜನೆಗಳಿಗೆ ಮೊದಲೇ, ಮಾಹಿತಿ ಕೊಟ್ಟು, ಒತ್ತಾಯವಿಲ್ಲದೆ ಒಪ್ಪಿಗೆ ಪಡೆಯಲು ಯತ್ನಿಸಬೇಕೆಂದು 32ನೆಯ ವಿಧಿ ತಿಳಿಸುತ್ತದೆ. ಈ ಘೋಷಣೆ ಕಾನೂನಿನಂತೆ ಬಂಧನಕಾರಿಯಲ್ಲ. ಆದರೂ ಸಾಲ ನೀಡುವ ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳ ನಿಯಮಗಳಲ್ಲಿ ಅದರ ತಿರುಳು ಈಗಾಗಲೇ ಸೇರಿಕೊಂಡಿದೆ.

ಬಂಜಾರರು ರಾಜಸ್ಥಾನದ ಕಡೆಯಿಂದ ವಲಸೆ ಬಂದವರಾದ್ದರಿಂದ 'ಮೂಲನಿವಾಸಿ' ಎಂಬ ಪದ ಅವರಿಗೆ ಹೊಂದುವುದೇ ಎಂದು ಕೇಳುವವರಿದ್ದಾರೆ. ಕಾರ್ಮಿಕ ಸಂಘಟನೆಯ ಒಡಂಬಡಿಕೆಗಳು ಮೂಲನಿವಾಸಿಗಳ ಜೊತೆಗೆ 'ಬುಡಕಟ್ಟು' ಸಮುದಾಯಗಳನ್ನೂ ಒಳಗೊಳ್ಳುವುದು ಈ ಕಾರಣಕ್ಕಾಗಿಯೇ. ಭಾಷೆ, ಆಚಾರ, ನಾಯಕ ಮತ್ತು ಕಾರಭಾರಿಯರ ಪಂಚಾಯಿತಿಯಂತಹ ಸ್ವಂತ ವ್ಯವಸ್ಥೆಯುಳ್ಳ ಜನರನ್ನು ಅವರ ವ್ಯವಸ್ಥೆಯ ಮೂಲಕವೇ ಕೇಳಬೇಕೆಂಬುದು ಅಲ್ಲಿನ ತತ್ತ್ವ. ಇನ್ನೊಂದು ಬಾಗಿಲೂ ಇದೆ. ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿಯು 2007ರಲ್ಲಿ ಭಾರತದ ವರದಿಯನ್ನು ಪರಿಶೀಲಿಸಿದಾಗ, ವಿಮುಕ್ತ ಬುಡಕಟ್ಟುಗಳಿಗೆ ಕಳಂಕ ಹಚ್ಚುವ ರೂಢಿಗತ ಅಪರಾಧಿಗಳ ಕಾಯ್ದೆಯನ್ನು ರದ್ದುಪಡಿಸುವಂತೆ ಶಿಫಾರಸು ಮಾಡಿತು. 1871ರ ಗಾಯದ ಮಾತು ಜಿನೀವಾದಲ್ಲಿ ಕೇಳಿಬಂದದ್ದು ಹೀಗೆ.

ಕಡೆಗಣಿಸಿದರೆ ತೆರಬೇಕಾದ ಬೆಲೆ

ಜನರ ಒಪ್ಪಿಗೆ ಇಲ್ಲದೆ ಹೂಡಿದ ಬಂಡವಾಳ ಏನಾಗುತ್ತದೆಂಬುದಕ್ಕೆ ಒಡಿಶಾದ ನಿಯಮಗಿರಿ ಪಾಠವಾಗಿದೆ. ಅಲ್ಲಿ ಬಾಕ್ಸೈಟ್ ಗಣಿಯನ್ನು ನಂಬಿ ಲಾಂಜಿಗಢದಲ್ಲಿ ಅಲ್ಯುಮಿನಾ ಕಾರ್ಖಾನೆ ಮೊದಲೇ ಎದ್ದು ನಿಂತಿತ್ತು. ನಾರ್ವೆಯ ಪಿಂಚಣಿ ನಿಧಿ 2007ರಲ್ಲಿ, ಇಂಗ್ಲೆಂಡಿನ ಚರ್ಚು 2010ರಲ್ಲಿ ಆ ಕಂಪನಿಯಲ್ಲಿದ್ದ ಹೂಡಿಕೆಯನ್ನು ಹಿಂತೆಗೆದುಕೊಂಡವು. 2013ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯವು ಗ್ರಾಮಸಭೆಗಳ ಮುಂದೆ ವಿಷಯವನ್ನಿಡಲು ಆದೇಶಿಸಿತು. ಡೋಂಗರಿಯಾ ಕಂಧರ 12 ಗ್ರಾಮಸಭೆಗಳೂ ಗಣಿಯನ್ನು ತಿರಸ್ಕರಿಸಿದವು. ಕಾರ್ಖಾನೆ ದೂರದ ಅದಿರನ್ನು ಅವಲಂಬಿಸಬೇಕಾಯಿತು.

ಕರ್ನಾಟಕದಲ್ಲಿಯೂ ಇಂತಹ ನಿದರ್ಶನವಿದೆ. ನಾಗರಹೊಳೆಯ ಕಾಡಿನೊಳಗೆ ಪ್ರವಾಸಿ ತಂಗುದಾಣ ನಿರ್ಮಿಸಲು ಹೊರಟ ಯೋಜನೆಯೊಂದನ್ನು ಅಲ್ಲಿನ ಆದಿವಾಸಿಗಳು ವಿರೋಧಿಸಿದರು. 1997ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಆ ಯೋಜನೆ ಕಾನೂನುಬಾಹಿರವೆಂದು ತೀರ್ಪಿತ್ತಿತು. ಇದಕ್ಕೆ ಪ್ರತಿಯಾಗಿ, 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂತಹ ಹಕ್ಕು ದೊರೆತದ್ದು ಅದೇ ಮೊದಲು. ಮೊದಲೇ ಹಕ್ಕನ್ನು ಗುರುತಿಸಿದಲ್ಲಿ ವ್ಯಾಜ್ಯಕ್ಕೆ ಎಡೆ ಕಡಿಮೆ ಎಂಬುದನ್ನು ಈ ಎರಡು ಪ್ರಸಂಗಗಳು ಸ್ಪಷ್ಟಪಡಿಸುತ್ತವೆ.

ಸಣ್ಣ ಉದ್ದಿಮೆದಾರನಿಗೆ ಇದರ ಸಂಬಂಧ

ಇದೆಲ್ಲವೂ ದೊಡ್ಡ ಕಂಪನಿಗಳ ಗೋಜು ಎಂದು ಭಾವಿಸುವಂತಿಲ್ಲ. ವ್ಯಾಪಾರ ಮತ್ತು ಮಾನವ ಹಕ್ಕುಗಳ ಕುರಿತ ಮಾರ್ಗದರ್ಶಿ ತತ್ತ್ವಗಳನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2011ರಲ್ಲಿ ಅನುಮೋದಿಸಿತು. ರಕ್ಷಿಸುವುದು ಸರಕಾರದ ಕರ್ತವ್ಯ, ಗೌರವಿಸುವುದು ಉದ್ದಿಮೆಯ ಹೊಣೆ, ಅನ್ಯಾಯವಾದಲ್ಲಿ ಪರಿಹಾರದ ದಾರಿ ಇರಬೇಕು ಎಂಬುವು ಅದರ ಮೂರು ಕಂಬಗಳು. ಅದರ ಪ್ರಭಾವದಿಂದ ಭಾರತ ಸರಕಾರವು 2019ರಲ್ಲಿ ಜವಾಬ್ದಾರಿಯುತ ವ್ಯವಹಾರ ನಡವಳಿಕೆಯ ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರಡಿಸಿತು. 2021ರಲ್ಲಿ ಸೆಬಿಯು ಅದನ್ನು ಆಧರಿಸಿದ ವರದಿ ನಮೂನೆಯನ್ನು ಪ್ರಕಟಿಸಿತು. 2022-23ರಿಂದ ದೇಶದ ಅಗ್ರ 1000 ನೋಂದಾಯಿತ ಕಂಪನಿಗಳಿಗೆ ಆ ವರದಿ ಕಡ್ಡಾಯವಾಯಿತು.

ಸಣ್ಣ ಉದ್ದಿಮೆಗಳಿಂದ ಎಷ್ಟು ಸಾಮಗ್ರಿ ಕೊಂಡಿರಿ, ದುರ್ಬಲ ವರ್ಗಗಳ ಪೂರೈಕೆದಾರರಿಗೆ ಆದ್ಯತೆ ನೀಡಿದಿರಾ, ಸ್ಥಳಾಂತರವಾದ ಕುಟುಂಬಗಳೆಷ್ಟು ಎಂಬ ಪ್ರಶ್ನೆಗಳು ಆ ನಮೂನೆಯಲ್ಲಿವೆ. ದೊಡ್ಡ ಕಂಪನಿ ಇವಕ್ಕೆ ಉತ್ತರಿಸಬೇಕಾದಾಗ ಚೀಲ, ಬಿಡಿಭಾಗ, ಲಾರಿ ಸಾಗಣೆ, ಕೂಲಿಯಾಳುಗಳನ್ನು ಒದಗಿಸುವವರ ಬಳಿಗೆ ಪ್ರಶ್ನಾವಳಿ ಕಳುಹಿಸುವುದು ಸಹಜ. ನೈಸರ್ಗಿಕ ಕಲ್ಲಿನ ವ್ಯಾಪಾರದಲ್ಲಿಯೂ ಇದೇ ಗಾಳಿ ಬೀಸುತ್ತಿದೆ. ನೆದರ್ಲೆಂಡ್ಸ್ ಮತ್ತು ಫ್ಲಾಂಡರ್ಸಿನ ಕಲ್ಲು ಆಮದುದಾರರು 2019ರಲ್ಲಿ ಗಣಿಗಳ ಸ್ಥಿತಿಗತಿ ಪರಿಶೀಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರ ಜನವರಿ 1ರಿಂದ ಜಾರಿಗೆ ಬಂದಿತು. ಐರೋಪ್ಯ ಒಕ್ಕೂಟವೂ 2024ರಲ್ಲಿ ಇಂತಹುದೇ ನಿರ್ದೇಶನವನ್ನು ಅಂಗೀಕರಿಸಿ, ಅನಂತರ ಅದರ ವ್ಯಾಪ್ತಿಯನ್ನು ಕಿರಿದುಗೊಳಿಸುವ ಹೆಜ್ಜೆ ಇಟ್ಟಿತು. ಕಾಯ್ದೆಗಳು ಹಿಗ್ಗಬಹುದು, ಕುಗ್ಗಬಹುದು. ಕಲ್ಲು ಎಲ್ಲಿಂದ ಬಂತು, ಯಾರು ಕಡಿದರು ಎಂದು ಕೇಳುವ ರೂಢಿ ಮಾತ್ರ ನೆಲೆಯೂರಿದೆ.

ಗಮನದಲ್ಲಿಡಬೇಕಾದ ಅಂಶಗಳು

ಮೊದಲನೆಯದು ಭೂಮಿ. ಗಣಿ, ಗೋದಾಮು ಅಥವಾ ಕಲ್ಲಿನ ಯಾರ್ಡಿಗಾಗಿ ಜಮೀನು ಕೊಳ್ಳುವಾಗ ಅದು ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ಜಮೀನೇ ಎಂದು ಪರಿಶೀಲಿಸಬೇಕು. 1978ರ ಕರ್ನಾಟಕದ ಪರಿಭಾರೆ ನಿಷೇಧ ಕಾಯ್ದೆಯ ಪ್ರಕಾರ ಸರಕಾರದ ಪೂರ್ವಾನುಮತಿ ಇಲ್ಲದೆ ಅಂತಹ ಜಮೀನಿನ ಮಾರಾಟ ಅಸಿಂಧು. ಬಹಳ ಕಾಲ ಕಳೆದಿದೆ ಎಂಬ ಕಾರಣಕ್ಕೆ ಅರ್ಜಿಗಳು ತಿರಸ್ಕೃತವಾಗುತ್ತಿದ್ದುದನ್ನು ತಪ್ಪಿಸಲು 2023ರ ತಿದ್ದುಪಡಿಯು ಕಾಲಮಿತಿಯ ಅಡ್ಡಿಯನ್ನು ತೆಗೆದುಹಾಕಿತು. ಲಂಬಾಣಿಗರು ಈ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರಾದ್ದರಿಂದ ತಾಂಡಾದ ಮಂಜೂರಾತಿ ಜಮೀನುಗಳಿಗೂ ಇದು ಅನ್ವಯಿಸುತ್ತದೆ.

ಎರಡನೆಯದು ಅಹವಾಲು ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿ ಮತ್ತು ಸಿಮೆಂಟ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. 30 ದಿನ ಮೊದಲೇ ಪ್ರಕಟಣೆ ಹೊರಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ದೊರೆಯಬೇಕು. ಆದರೆ ಗೋರ್ ಬೋಲಿಗೆ ಸ್ವಂತ ಲಿಪಿಯಿಲ್ಲ. ಕನ್ನಡದ ಅಚ್ಚಿನ ಹಾಳೆ ತಾಂಡಾದ ಹಿರಿಯ ಹೆಂಗಸಿನ ಕೈಗೆ ಬಂದರೂ ಅದರ ವಿಷಯ ಅವಳಿಗೆ ತಲುಪಿದಂತಾಗದು. ಬಿತ್ತನೆಯ ಅಥವಾ ತೊಗರಿ ಕಟಾವಿನ ದಿನಗಳಲ್ಲಿ, ಇಲ್ಲವೇ ತಾಂಡಾದ ಜನರು ಹೈದರಾಬಾದ್, ಪುಣೆ, ಮುಂಬಯಿಗೆ ದುಡಿಯಲು ಹೋಗಿರುವ ತಿಂಗಳುಗಳಲ್ಲಿ ಸಭೆ ಕರೆದರೆ ಖಾಲಿ ಕುರ್ಚಿಗಳೇ ಸಮ್ಮತಿ ಎನಿಸಿಬಿಡುತ್ತವೆ. ಅಂತಹ ಸಮ್ಮತಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಮೂರನೆಯದು ದುಡಿಮೆ. ಮುಂಗಡ ಕೊಟ್ಟು ಕುಟುಂಬವನ್ನೇ ಗಣಿಯಲ್ಲಿ ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ಧತಿ ಕಾಯ್ದೆಯಡಿ ಅಪರಾಧ. ಬಾಲಕಾರ್ಮಿಕರ ಕುರಿತ ಕಾರ್ಮಿಕ ಸಂಘಟನೆಯ 138 ಮತ್ತು 182ನೆಯ ಒಡಂಬಡಿಕೆಗಳನ್ನು ಭಾರತವು 2017ರಲ್ಲಿ ಸ್ಥಿರೀಕರಿಸಿತು. ಹದಿನೆಂಟು ತುಂಬದವರಿಗೆ ಗಣಿಯಲ್ಲಿ ಕೆಲಸ ಕೊಡುವಂತಿಲ್ಲ.

ನಾಲ್ಕನೆಯದು ಪರಂಪರೆಯ ಅರಿವು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. 2024ರ ಮೇ ತಿಂಗಳಲ್ಲಿ ವಿಶ್ವ ಬೌದ್ಧಿಕ ಸ್ವತ್ತು ಸಂಘಟನೆಯು ಜೈವಿಕ ಸಂಪನ್ಮೂಲ ಮತ್ತು ಸಾಂಪ್ರದಾಯಿಕ ಜ್ಞಾನ ಕುರಿತ ಒಪ್ಪಂದವನ್ನು ಅಂಗೀಕರಿಸಿತು. ತಾಂಡಾದ ಹೆಣ್ಣುಮಕ್ಕಳ ಕೈಕೆಲಸವನ್ನು ಬಟ್ಟೆಯ ವ್ಯಾಪಾರಕ್ಕೆ ಬಳಸುವವರು ಅವರಿಗೆ ಹೆಸರನ್ನೂ ಪಾಲನ್ನೂ ಕೊಡುವುದು ನ್ಯಾಯ. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯೂ ಉಂಟು.

ಮಳಖೇಡದ ಹಕ್ಕುಪತ್ರ

ಹಕ್ಕನ್ನು ಗುರುತಿಸುವುದರಿಂದ ಏನಾಗುತ್ತದೆಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ. ಊರಿನ ದಾಖಲೆಯಲ್ಲಿಯೇ ಇಲ್ಲದ ತಾಂಡಾ, ಹಟ್ಟಿ, ಹಾಡಿಗಳ ನಿವಾಸಿಗಳಿಗೆ ಅವರ ಮನೆಯ ಒಡೆತನ ನೀಡಲು ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ತರಲಾಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1475 ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾದವು. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಸೇಡಂ ತಾಲೂಕಿನ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆಯಿತ್ತರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ನೆಲದಲ್ಲಿ, ಸಿಮೆಂಟ್ ಕಾರ್ಖಾನೆಯ ನೆರಳಿನಲ್ಲಿ, ತಲೆಮಾರುಗಳಿಂದ ವಿಳಾಸವಿಲ್ಲದ ಜನರಿಗೆ ವಿಳಾಸ ದೊರೆಯಿತು.

ಹಕ್ಕುಪತ್ರವಿದ್ದ ಮನೆಗೆ ಬ್ಯಾಂಕಿನ ಸಾಲ ಸಿಗುವ ದಾರಿ ತೆರೆಯುತ್ತದೆ. ಸಾಲ ಸಿಕ್ಕವನು ಅಂಗಡಿ ಇಡಬಲ್ಲ, ಟೆಂಪೊ ಕೊಳ್ಳಬಲ್ಲ, ಸಣ್ಣ ಘಟಕ ಹಾಕಬಲ್ಲ. ಹಕ್ಕು ಗಳಿಸಿದ ತಾಂಡಾ ವರ್ತಕನಿಗೆ ಹೊಸ ಗಿರಾಕಿ. ಉದ್ದಿಮೆಗೆ ನೆಲೆ ನಿಂತ ಕೆಲಸಗಾರ. ಆದರೆ ಈ ಪತ್ರ ಮನೆಯ ನಿವೇಶನಕ್ಕೆ ಮಾತ್ರ ಸಂಬಂಧಿಸಿದ್ದು. ಹೊಲ, ಕಾಡು, ಗೋಮಾಳ ಮತ್ತು ಗಣಿಯ ಪ್ರಶ್ನೆಗಳು ಇನ್ನೂ ಬಗೆಹರಿಯಬೇಕಾಗಿವೆ.

2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನಗಳಿಗೆ ಗುತ್ತಿಗೆದಾರರ ರಾಜಧನದ ಜೊತೆಗೆ ನಿಗದಿತ ಪಾಲು ಸಲ್ಲುತ್ತದೆ. ಗಣಿಬಾಧಿತ ಜನರಿಗಾಗಿ ಮೀಸಲಾದ ಈ ಹಣ ಎಲ್ಲಿ ವೆಚ್ಚವಾಗಬೇಕೆಂದು ಹೇಳುವಾಗ ತಾಂಡಾದ ನಾಯಕನೂ ಅಲ್ಲಿನ ಸ್ತ್ರೀಯರೂ ಸಭೆಯಲ್ಲಿರುವಂತೆ ನೋಡಿಕೊಳ್ಳುವುದು ಸ್ಥಳೀಯ ವಾಣಿಜ್ಯ ಸಂಘಟನೆಗಳಿಗೆ ಸಾಧ್ಯವಾದ ಕೆಲಸ. ಅದಕ್ಕೆ ಜಿನೀವಾಕ್ಕೆ ಹೋಗಬೇಕಾಗಿಲ್ಲ. ಸೇಡಂನಲ್ಲಿ, ಚಿತ್ತಾಪುರದಲ್ಲಿ, ಶಹಾಬಾದಿನಲ್ಲಿ ಕೇಳಬೇಕಾದವರನ್ನು ಕೇಳಿದರೆ ಜಿನೀವಾದಲ್ಲಿ ದೂರು ಕೊಡುವ ಪ್ರಸಂಗವೇ ಬಾರದು.

ಒಂದು ಕಾಲಕ್ಕೆ ಉಪ್ಪು ಹೊತ್ತು ಈ ನಾಡಿನ ಸಂತೆಗಳನ್ನು ಬೆಳೆಸಿದ ಸಮುದಾಯವನ್ನು ರೈಲು ದಾರಿಯ ಬದಿಗೆ ಸರಿಸಿತು. ಸಿಮೆಂಟ್ ಮತ್ತು ಕಲ್ಲಿನ ಉದ್ದಿಮೆ ಅದೇ ತಪ್ಪನ್ನು ಎರಡನೆಯ ಬಾರಿ ಮಾಡಬೇಕೇ, ಇಲ್ಲವೇ ಹಳೆಯ ವರ್ತಕರನ್ನು ಪಾಲುದಾರರನ್ನಾಗಿ ಕೂಡಿಸಿಕೊಳ್ಳಬೇಕೇ ಎಂಬುದನ್ನು ಈ ಸೀಮೆಯ ವ್ಯಾಪಾರಸ್ಥರು ನಿರ್ಧರಿಸಬೇಕಾಗಿದೆ.